ಮರಳು ಆದಾಯವಲ್ಲ, ಬಂಡವಾಳ

ತಲಕಾಡಿಗೆ ಹೋಗಿ ಬಂದವರಿಗೆಲ್ಲ ಅಲಮೇಲಮ್ಮನ ಶಾಪದ ಕಥೆ ಗೊತ್ತು. ತಲಕಾಡು ಮರಳಿನಲ್ಲಿ ಹೂತುಹೋಯಿತು, ಎದುರು ದಡದ ಮಾಲಂಗಿ ಮಡುವಾಯಿತು ಎಂಬುದು ಆ ಐತಿಹ್ಯದ ಒಂದು ಭಾಗ. ಶಾಪವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಆ ಕಥೆ ಕಟ್ಟಿದವರು ನದಿಯನ್ನು ಬಹಳ ಸೂಕ್ಷ್ಮವಾಗಿ ನೋಡಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಾವೇರಿ ಅಲ್ಲಿ ಬಾಗಿ ಹರಿಯುತ್ತಾಳೆ. ಬಾಗಿನ ಒಳಮಗ್ಗುಲಲ್ಲಿ ನೀರಿನ ವೇಗ ತಗ್ಗಿ ಮರಳು ಕೂರುತ್ತದೆ. ಹೊರಮಗ್ಗುಲಲ್ಲಿ ವೇಗ ಹೆಚ್ಚಿ ದಡ ಕೊರೆದು ಮಡುವಾಗುತ್ತದೆ. ಕೂತ ಮರಳು ಬೇಸಿಗೆಯಲ್ಲಿ ಒಣಗಿದ ಮೇಲೆ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿಯುತ್ತದೆ. ನದಿಯ ಮೇಲ್ಭಾಗದಲ್ಲಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೂ ಈ ಮರಳ ರಾಶಿಗೆ ಒಂದು ಕಾರಣ ಎಂದು ಹೇಳುವ ವಿದ್ವಾಂಸರಿದ್ದಾರೆ. ಒಂದು ಮಗ್ಗುಲಲ್ಲಿ ಮರಳು, ಇನ್ನೊಂದು ಮಗ್ಗುಲಲ್ಲಿ ಮಡು: ಶಾಪದ ಈ ಎರಡು ಭಾಗಗಳು ಒಂದೇ ನದಿಯ ಒಂದೇ ಕೆಲಸದ ಎರಡು ಮುಖಗಳು.

ಆ ಕಾಲದವರಿಗೆ ಮರಳು ಶಾಪವಾಗಿತ್ತು. ನಮ್ಮ ಕಾಲಕ್ಕೆ ಅದು ಚಿನ್ನವಾಗಿದೆ. ಈ ಬದಲಾವಣೆಯಲ್ಲಿ ನನ್ನದೂ ಒಂದು ಸಣ್ಣ ಪಾಲಿರುವುದರಿಂದ ಈ ಮಾತುಗಳನ್ನು ಬರೆಯಬೇಕೆನಿಸಿತು.

ಸುಮಾರು ಮೂವತ್ತೈದು ವರ್ಷಗಳ ಹಿಂದೆ, ಉತ್ತರ ಕರ್ನಾಟಕದ ಒಂದು ಉಪವಿಭಾಗದಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗ, ನದಿಪಾತ್ರದ ಮರಳಿನ ಹರಾಜಿನ ಕಡತವೊಂದು ನನ್ನ ಮೇಜಿಗೆ ಬಂತು. ಅದರಲ್ಲಿ ಎಲ್ಲವೂ ಕ್ರಮಬದ್ಧವಾಗಿತ್ತು. ಮರಳಿರುವ ಜಾಗದ ಉದ್ದ, ಅಗಲ, ತೆಗೆಯಬಹುದಾದ ಆಳ, ಹಿಂದಿನ ವರ್ಷದ ಸವಾಲಿನ ಮೊತ್ತ, ಈ ವರ್ಷ ನಿರೀಕ್ಷಿಸಬಹುದಾದ ಹೆಚ್ಚಳ, ಎಲ್ಲಕ್ಕೂ ಅಂಕಣಗಳಿದ್ದವು. ಸ್ಥಳ ಪರಿಶೀಲನೆಗೆಂದು ಹೊಳೆಯ ದಂಡೆಗೆ ಹೋದಾಗ, ಅಲ್ಲಿ ಕುಳಿತಿದ್ದ ವಯಸ್ಸಾದ ರೈತರೊಬ್ಬರು ಎದ್ದು ಬಂದು ಕೇಳಿದರು: ‘ಸಾಹೇಬ್ರ, ಉಸುಕು ಹರಾಜು ಹಾಕಾಕ ಹತ್ತೀರಿ, ಹಾಕ್ರಿ. ಈ ಹೊಳಿ ಒಂದ್ ವರ್ಷಕ್ಕ ಎಷ್ಟು ಉಸುಕು ತರತೈತಿ ಅಂತ ಯಾರರ ಲೆಕ್ಕ ಮಾಡೀರೇನ್ರೀ?’

ನನ್ನ ಬಳಿ ಉತ್ತರವಿರಲಿಲ್ಲ. ಕಡತದಲ್ಲಿ ಅಂಥದೊಂದು ಅಂಕಣವೇ ಇರಲಿಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ನನಗೆ ಆ ಪ್ರಶ್ನೆ ತಾನಾಗಿಯೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಕಚೇರಿಗೆ ಮರಳಿ ಬಂದು ನಾನು ಕಡತಕ್ಕೆ ಸಹಿ ಹಾಕಿದೆ. ಆ ವರ್ಷ ಸವಾಲಿನ ಮೊತ್ತ ನಿರೀಕ್ಷೆಗಿಂತ ಹೆಚ್ಚು ಬಂದು, ಮೇಲಿನವರಿಂದ ಮೆಚ್ಚುಗೆಯ ಮಾತೂ ಸಿಕ್ಕಿತು.

ಆ ರೈತರ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮರಳು ಹುಟ್ಟುವುದೆಲ್ಲಿ ಎಂಬಲ್ಲಿಂದ ಆರಂಭಿಸಬೇಕು. ಬೆಂಗಳೂರಿಗರು ಇದಕ್ಕಾಗಿ ದೂರ ಹೋಗಬೇಕಿಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಆ ನೈಸ್ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಮನಗರದ ಬೆಟ್ಟಗಳಿಂದ ಉತ್ತರಕ್ಕೆ ಹಂಪಿಯ ಗುಂಡುಗಳವರೆಗೆ ಹಬ್ಬಿರುವ ಗ್ರಾನೈಟಿನ ಪಟ್ಟಿಗೆ ಸುಮಾರು 250 ಕೋಟಿ ವರ್ಷ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಹೆಸರಿನಿಂದಲೇ ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಆ ಶಿಲೆಯನ್ನು ಗುರುತಿಸುತ್ತಾರೆ.

ಇಷ್ಟು ಗಟ್ಟಿಯಾದ ಕಲ್ಲು ಒಡೆಯುವುದು ಹೇಗೆ? ಹಂಪಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳನ್ನು ಯಾರೂ ತಂದು ಪೇರಿಸಿಲ್ಲ. ಅವು ಇದ್ದಲ್ಲಿಯೇ ರೂಪುಗೊಂಡವು. ಬಂಡೆಯಲ್ಲಿ ಅಡ್ಡಡ್ಡಲಾಗಿ, ಉದ್ದುದ್ದವಾಗಿ ಸೀಳುಗಳಿರುತ್ತವೆ. ಮಳೆಯ ನೀರು ಗಾಳಿಯಲ್ಲಿನ ಮತ್ತು ಮಣ್ಣಿನಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲವಾಗಿ ಆ ಸೀಳುಗಳಲ್ಲಿ ಇಳಿಯುತ್ತದೆ. ಗ್ರಾನೈಟಿನ ಮುಖ್ಯ ಖನಿಜಗಳಲ್ಲಿ ಒಂದಾದ ಫೆಲ್‌ಸ್ಪಾರ್ ನಿಧಾನವಾಗಿ ಕೊಳೆತು ಜೇಡಿಯಾಗುತ್ತದೆ. ಸೀಳುಗಳು ಕೂಡುವ ಮೂಲೆಗಳಲ್ಲಿ ಕಲ್ಲು ಬೇಗ ಸವೆಯುವುದರಿಂದ ಚೌಕವಾಗಿದ್ದ ತುಂಡು ಗುಂಡಾಗುತ್ತದೆ. ಸುತ್ತಲಿನ ಮೆತ್ತನೆಯ ಮಣ್ಣನ್ನು ಮಳೆ ತೊಳೆದೊಯ್ದ ಮೇಲೆ ಗುಂಡು ಹೊರಗೆ ಕಾಣುತ್ತದೆ. ಇನ್ನೊಂದು ಖನಿಜವಾದ ಕ್ವಾರ್ಟ್ಜ್, ಅಂದರೆ ಬೆಣಚು, ಹೀಗೆ ಸುಲಭವಾಗಿ ಕೊಳೆಯುವುದಿಲ್ಲ. ಬಂಧ ಸಡಿಲಗೊಂಡ ಬೆಣಚಿನ ಕಣಗಳೇ ನಾವು ಮರಳು ಎಂದು ಕರೆಯುವ ವಸ್ತುವಿನ ಬಹುಪಾಲು. ಶಾಲೆಯ ಪಠ್ಯದಲ್ಲಿ ‘ಶಿಥಿಲೀಕರಣ’ ಎಂದು ಬಾಯಿಪಾಠ ಮಾಡಿದ ಪದದ ಹಿಂದೆ ನಡೆಯುವ ಕೆಲಸ ಇದು. ನಮ್ಮ ಪ್ರಸ್ಥಭೂಮಿಯಂಥ ನೆಲ ಹೀಗೆ ಸವೆಯುವ ದರವನ್ನು ಭೂವಿಜ್ಞಾನಿಗಳು ಲೆಕ್ಕ ಹಾಕುವುದು ಹತ್ತು ಲಕ್ಷ ವರ್ಷಕ್ಕೆ ಇಷ್ಟು ಮೀಟರ್ ಎಂಬ ಮಾನದಲ್ಲಿ.

ಒಡೆದದ್ದನ್ನು ಸಾಗಿಸುವುದು ಎರಡನೆಯ ಘಟ್ಟ. ನದಿ ವರ್ಷವಿಡೀ ಒಂದೇ ಪ್ರಮಾಣದಲ್ಲಿ ಈ ಹೊರೆ ಹೊರುವುದಿಲ್ಲ. ವರ್ಷದ ಹೊರೆಯ ಬಹುಭಾಗ ಸಾಗುವುದು ಪ್ರವಾಹದ ಕೆಲವೇ ದಿನಗಳಲ್ಲಿ. ವೇಗ ತುಸು ಹೆಚ್ಚಿದರೂ ನೀರಿನ ಹೊರುವ ಶಕ್ತಿ ಹಲವು ಪಟ್ಟು ಏರುತ್ತದೆ. ಜೇಡಿ ನೀರಿನಲ್ಲಿ ತೇಲುತ್ತ ಸಾಗಿದರೆ ಮರಳು ತಳದಲ್ಲಿ ಉರುಳುತ್ತ, ಪುಟಿಯುತ್ತ ಸಾಗುತ್ತದೆ. ವೇಗ ತಗ್ಗಿದಲ್ಲಿ ಮೊದಲು ಕೂರುವುದು ದಪ್ಪ ಕಲ್ಲು, ನಂತರ ಮರಳು, ಕೊನೆಗೆ ಹೂಳು. ಜರಡಿ ಹಿಡಿದಂತೆ ನದಿ ತಾನೇ ತನ್ನ ಸರಕನ್ನು ವಿಂಗಡಿಸುತ್ತದೆ. ನೆರೆ ಇಳಿದ ಮೇಲೆ ಹೊಲಗಳಲ್ಲಿ ಉಳಿಯುವ ಮೆಕ್ಕಲು ಮಣ್ಣು, ಕೆರೆಯ ಅಂಗಳದ ಗೋಡು, ಕರಾವಳಿಯ ಮರಳ ದಿಬ್ಬ, ಎಲ್ಲವೂ ಇದೇ ಕಾಯಕದ ಫಲ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲೇ ಸಂಗ್ರಹ ಬೇರೆ, ಹರಿವು ಬೇರೆ ಎಂದು ಕಲಿಸುತ್ತಾರೆ. ಬ್ಯಾಂಕಿನಲ್ಲಿಟ್ಟ ಇಡುಗಂಟು ಸಂಗ್ರಹ. ಅದರ ಮೇಲೆ ವರ್ಷ ವರ್ಷ ಬರುವ ಬಡ್ಡಿ ಹರಿವು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜೆ.ಆರ್. ಹಿಕ್ಸ್ 1939ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಆದಾಯಕ್ಕೆ ಕೊಟ್ಟ ಅರ್ಥ ಬಹಳ ಸರಳ: ಅವಧಿಯ ಆರಂಭದಲ್ಲಿದ್ದಷ್ಟೇ ಅನುಕೂಲಸ್ಥರಾಗಿ ಅವಧಿಯ ಕೊನೆಯಲ್ಲೂ ಉಳಿದುಕೊಂಡು, ನಡುವೆ ಎಷ್ಟು ಖರ್ಚು ಮಾಡಬಹುದೋ ಅಷ್ಟು ಮಾತ್ರ ಆದಾಯ. ಅದಕ್ಕಿಂತ ಹೆಚ್ಚು ಖರ್ಚು ಮಾಡಿದರೆ ನಾವು ಇಡುಗಂಟನ್ನು ತಿನ್ನುತ್ತಿದ್ದೇವೆ ಎಂದರ್ಥ. ನದಿಪಾತ್ರದಲ್ಲಿರುವ ಮರಳು ಇಡುಗಂಟು. ಪ್ರತಿ ಮಳೆಗಾಲ ಮೇಲಿನಿಂದ ಹೊಸದಾಗಿ ಬಂದು ಕೂರುವುದು ಬಡ್ಡಿ. ಬಡ್ಡಿ ಎಷ್ಟೆಂದು ತಿಳಿಯದೆ ಹಣ ತೆಗೆಯುವ ಗೃಹಸ್ಥರನ್ನು ನಾವು ವಿವೇಕಿಗಳೆನ್ನುವುದಿಲ್ಲ. ಆದರೆ ನಮ್ಮ ಸರ್ಕಾರಿ ಲೆಕ್ಕದಲ್ಲಿ ಮರಳಿನ ರಾಜಧನ ರಾಜಸ್ವ ಆದಾಯವೆಂದೇ ದಾಖಲಾಗುತ್ತದೆ. ಎಷ್ಟು ಹೆಚ್ಚು ತೆಗೆದರೆ ಅಷ್ಟು ಸಾಧನೆ.

ಈ ಲೆಕ್ಕತಪ್ಪಿನ ಇನ್ನೊಂದು ಮುಖವನ್ನು ನೋಡಬೇಕಾದರೆ ತುಂಗಭದ್ರೆಯ ಅಣೆಕಟ್ಟಿಗೆ ಹೋಗಬೇಕು. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಇಡೀ ರಾಜ್ಯ ತಲ್ಲಣಿಸಿತು. ಆ ತಲ್ಲಣ ಸಹಜವೇ. ಆದರೆ ಅದೇ ಜಲಾಶಯದಲ್ಲಿ ಅದಕ್ಕಿಂತ ದೊಡ್ಡ ನಷ್ಟವೊಂದು ಸದ್ದಿಲ್ಲದೆ ಆಗಿಹೋಗಿದೆ. 1953ರಲ್ಲಿ ನೀರು ತುಂಬಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2016ರ ಸಮೀಕ್ಷೆಯ ನಂತರ ಲೆಕ್ಕಕ್ಕೆ ಹಿಡಿಯುತ್ತಿರುವುದು 105.79 ಟಿಎಂಸಿ ಅಡಿ. ಅಂದರೆ ಸುಮಾರು 27 ಟಿಎಂಸಿ ಅಡಿ ನೀರು ನಿಲ್ಲಬೇಕಾದ ಜಾಗದಲ್ಲಿ ಹೂಳು ನಿಂತಿದೆ.

‘ಹೂಳು ತೆಗೆಸಿ’ ಎಂಬುದು ಆ ಭಾಗದ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಬೇಡಿಕೆ. ಓದುಗರು ನನ್ನೊಡನೆ ಒಂದು ಸರಳ ಲೆಕ್ಕ ಮಾಡಲಿ. 27 ಟಿಎಂಸಿ ಅಡಿ ಎಂದರೆ ಸುಮಾರು 76 ಕೋಟಿ ಘನ ಮೀಟರ್. ಒಂದು ಟಿಪ್ಪರಿಗೆ 10 ಘನ ಮೀಟರಿನಂತೆ 7 ಕೋಟಿ 60 ಲಕ್ಷ ಲೋಡು. ದಿನಕ್ಕೆ 1,000 ಲೋಡಿನಂತೆ ಒಂದು ದಿನವೂ ಬಿಡದೆ ಸಾಗಿಸಿದರೂ 200 ವರ್ಷ ಮೀರುತ್ತದೆ. ಇನ್ನೂ ಗಂಭೀರವಾದ ಮಾತೆಂದರೆ, ಆ 63 ವರ್ಷಗಳ ಸರಾಸರಿಯ ಪ್ರಕಾರ ವರ್ಷಕ್ಕೆ ಸುಮಾರು 12 ಲಕ್ಷ ಲೋಡಿನಷ್ಟು ಹೂಳು ಜಲಾಶಯ ಸೇರಿದೆ. ನಮ್ಮ ಸಾವಿರ ಟಿಪ್ಪರುಗಳು ವರ್ಷಕ್ಕೆ ಸಾಗಿಸುವುದು 3 ಲಕ್ಷ 65 ಸಾವಿರ. ಬರುವುದರ ಮೂರನೆಯ ಒಂದು ಭಾಗವನ್ನೂ ತೆಗೆಯಲಾಗದು. ತೆಗೆದದ್ದನ್ನು ಹಾಕುವುದೆಲ್ಲಿ ಎಂಬ ಪ್ರಶ್ನೆ ಬೇರೆ. ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವ ಹುಟ್ಟಿದ್ದು ಈ ಅಸಹಾಯಕತೆಯಿಂದಲೇ. ಅದಕ್ಕೆ ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಒಪ್ಪಿಗೆ ಬೇಕು, ಸಾವಿರಾರು ಎಕರೆ ಭೂಮಿ ಬೇಕು, ಬೊಕ್ಕಸದಿಂದ ಸಾವಿರಾರು ಕೋಟಿ ರೂಪಾಯಿ ಬೇಕು.

ಜಲಾಶಯದ ಹೂಳು ಎಲ್ಲಿಂದ ಬಂತು? ಅದರ ಬಹುಪಾಲು ಜಲಾನಯನ ಪ್ರದೇಶದ ಹೊಲ, ಗುಡ್ಡ, ಕಾಡುಗಳ ಮೇಲ್ಮಣ್ಣು. ಕೇಂದ್ರ ಸರ್ಕಾರದ ಮಣ್ಣು ಸಂರಕ್ಷಣಾ ವಿಜ್ಞಾನಿಗಳು 1983ರಲ್ಲಿ ಮಾಡಿದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಅಂದಾಜಿನ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ಸವೆದು ಸ್ಥಳ ಬಿಡುತ್ತದೆ. ಅದರಲ್ಲಿ ಶೇ 29ರಷ್ಟು ಸಮುದ್ರ ಸೇರಿದರೆ ಶೇ 10ರಷ್ಟು ಜಲಾಶಯಗಳನ್ನು ತುಂಬುತ್ತದೆ. ಸರಾಸರಿ ಹೆಕ್ಟೇರಿಗೆ 16 ಟನ್ ಎಂಬ ಅಂಕಿ ಸಣ್ಣದಾಗಿ ಕಾಣಬಹುದು. ಹೊಲದ ಮೇಲೆ ಹರಡಿದರೆ ಅದು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಎಂಟು ವರ್ಷಕ್ಕೆ ಒಂದು ಸೆಂಟಿಮೀಟರ್. ಆ ಒಂದು ಸೆಂಟಿಮೀಟರ್ ಮಣ್ಣನ್ನು ಕಲ್ಲಿನಿಂದ ಮತ್ತೆ ಹುಟ್ಟಿಸಲು ಪ್ರಕೃತಿಗೆ ನೂರಾರು ವರ್ಷ ಬೇಕು.

ಇಲ್ಲೊಂದು ವಿಪರ್ಯಾಸವಿದೆ. ಅಣೆಕಟ್ಟಿನ ಮೇಲ್ಭಾಗದಲ್ಲಿ ಹೂಳು ಅತಿಯಾಯಿತೆಂಬ ದೂರು. ಕೆಳಭಾಗದಲ್ಲಿ ಮರಳು ಇಲ್ಲವಾಯಿತೆಂಬ ದೂರು. ಇವೆರಡೂ ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಕಡತಗಳಲ್ಲಿವೆ. ವಾಸ್ತವದಲ್ಲಿ ಅದು ಒಂದೇ ಸಮಸ್ಯೆ. ನದಿಯ ಮರಳು ಜಲಾಶಯದ ತಲೆಭಾಗದಲ್ಲಿ, ಅಂದರೆ ಹರಿಯುವ ನೀರು ನಿಂತ ನೀರನ್ನು ಸೇರುವಲ್ಲಿ, ಕೂತುಬಿಡುತ್ತದೆ. ನಯವಾದ ಹೂಳು ಮುಂದೆ ಸಾಗಿ ಅಣೆಕಟ್ಟಿನ ಬಳಿ ನಿಲ್ಲುತ್ತದೆ. ಗೇಟು ದಾಟಿ ಹೊರಬರುವ ನೀರು ಹೊರೆಯಿಲ್ಲದ ನೀರು. ಅದು ಕೆಳಗಿನ ಪಾತ್ರದಿಂದಲೇ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ಹೀಗೆ ಬಡ್ಡಿ ನಿಂತುಹೋದ ಖಾತೆಯಿಂದಲೇ ನಾವು ಜೆಸಿಬಿ ಇಟ್ಟು ಅಸಲನ್ನೂ ತೆಗೆಯುತ್ತಿದ್ದೇವೆ.

ಹೊಳೆಯ ಮರಳು ಬರೀ ಕಟ್ಟಡ ಸಾಮಗ್ರಿಯಲ್ಲ. ಮರಳಿನ ರಾಶಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕಣಗಳ ನಡುವಿನ ಖಾಲಿ ಜಾಗ. ಅಲ್ಲಿ ನೀರು ನಿಲ್ಲುತ್ತದೆ. ರಾಯಚೂರು, ಕೊಪ್ಪಳ ಸೀಮೆಯ ಹೆಣ್ಣುಮಕ್ಕಳು ಕಡು ಬೇಸಿಗೆಯಲ್ಲಿ ಒಣಗಿದ ಹೊಳೆಯಲ್ಲಿ ಒರತೆ ತೋಡಿ ಬಟ್ಟಲಿನಿಂದ ಕೊಡ ತುಂಬುವುದನ್ನು ನಾನು ಕಂಡಿದ್ದೇನೆ. ಮೇಲೆ ಮರಳಿನ ಹೊದಿಕೆ ಇರುವುದರಿಂದ ಆ ನೀರು ಸುಲಭವಾಗಿ ಆವಿಯಾಗುವುದಿಲ್ಲ, ಸೋಸಿ ತಿಳಿಯಾಗಿರುತ್ತದೆ, ದಂಡೆಯ ಬಾವಿಗಳಿಗೂ ಒಸರುತ್ತದೆ. ಮರಳನ್ನು ಕಲ್ಲುಹಾಸಿನವರೆಗೆ ಬಗೆದ ಮೇಲೆ ಒರತೆಯೂ ಇಲ್ಲ, ಬಾವಿಯೂ ಇಲ್ಲ. ಉಳಿಯುವುದು ಮಡುಗಳು. ಈಜಲು ಇಳಿದ ಹುಡುಗರು ಮರಳು ತೆಗೆದ ಗುಂಡಿಯಲ್ಲಿ ಮುಳುಗಿದರೆಂಬ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ಕರಾವಳಿಯ ಕಥೆ ತುಸು ಬೇರೆ. ಘಟ್ಟದಿಂದ ಧುಮುಕುವ ಹೊಳೆಗಳು ಚಿಕ್ಕವು, ಕಡಿದಾದವು. ಅವು ತರುವ ಮರಳು ಅಳಿವೆಯಲ್ಲಿ ದಿಬ್ಬವಾಗಿ, ಅಲೆಗಳ ಮೂಲಕ ತೀರಕ್ಕೆ ಹಂಚಿಕೆಯಾಗುತ್ತದೆ. ಉಳ್ಳಾಲದಲ್ಲಿ ಕಡಲು ಮನೆಗಳನ್ನು ನುಂಗುವುದನ್ನು ತಡೆಯಲು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಾಮಗಾರಿ ನಡೆಸಬೇಕಾಯಿತು. ಕಡಲ್ಕೊರೆತಕ್ಕೆ ಅಳಿವೆಯ ತಡೆಗೋಡೆಗಳೂ ಸೇರಿ ಹಲವು ಕಾರಣಗಳಿವೆ, ನಿಜ. ಆದರೆ ತೀರಕ್ಕೆ ಬರುವ ಮರಳಿನ ಮೂಲವನ್ನೇ ಕಡಿದು, ತೀರಕ್ಕೆ ಕಲ್ಲು ಸುರಿಯುವುದು ಯಾವ ಲೆಕ್ಕ? 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದ ಸೇತುವೆ ಕುಸಿದಾಗ ಸ್ಥಳೀಯರು ದೂರಿದ್ದು ಸುತ್ತಲ ಮರಳುಗಾರಿಕೆಯನ್ನೇ. ಕಂಬದ ಬುಡದ ಮರಳು ಹೋದರೆ ಕಂಬ ನಿಲ್ಲದು ಎಂಬುದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ.

ಈ ಮಾತುಗಳನ್ನು ಬೆಂಗಳೂರಿನ ಕಾಂಕ್ರೀಟು ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ ಎಂಬ ಅರಿವು ನನಗಿದೆ. ಈ ಮನೆಯ ಗೋಡೆಯಲ್ಲಿರುವ ಮರಳು ಯಾವುದೋ ಹೊಳೆಯದ್ದೇ. ಸರ್ಕಾರದ ನೆರವಿನಿಂದ ಒಂದು ಸಣ್ಣ ಮನೆ ಕಟ್ಟಿಕೊಳ್ಳುವ ಬಡವನಿಗೂ ಮರಳು ಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಸುತ್ತದೆ. ನೀರನ್ನು ಬಿಟ್ಟರೆ ಮನುಷ್ಯ ಅತಿ ಹೆಚ್ಚು ಬಳಸುವ ನೈಸರ್ಗಿಕ ವಸ್ತು ಇದೇ. ಮರಳು ತೆಗೆಯುವುದನ್ನು ಪೂರ್ತಿ ನಿಷೇಧಿಸಿ ಎಂದು ನಾನು ಹೇಳಲಾರೆ. ಪೂರ್ತಿ ನಿಷೇಧದ ಫಲ ಏನೆಂಬುದನ್ನು ಆಡಳಿತದಲ್ಲಿದ್ದವರು ಬಲ್ಲರು: ಹಗಲು ನಡೆಯುತ್ತಿದ್ದುದು ರಾತ್ರಿ ನಡೆಯುತ್ತದೆ, ಬೆಲೆ ದುಪ್ಪಟ್ಟಾಗುತ್ತದೆ, ತಡೆಯಲು ಹೋದ ಗ್ರಾಮಲೆಕ್ಕಿಗನ ಮೇಲೆ ಲಾರಿ ಹರಿಯುವ ಬೆದರಿಕೆ ಬರುತ್ತದೆ. ವರ್ಷವಿಡೀ ಹರಿಯುವ ಹೊಳೆಗಳಿಲ್ಲದ ಕೋಲಾರ, ಚಿಕ್ಕಬಳ್ಳಾಪುರದ ಕಡೆ ‘ಫಿಲ್ಟರ್ ಮರಳು’ ಎಂಬ ದಂಧೆ ಹುಟ್ಟಿದ್ದು ಹೀಗೆಯೇ. ಹೊಲದ, ಕೆರೆಯಂಗಳದ ಮಣ್ಣನ್ನು ನೀರಿನಲ್ಲಿ ತೊಳೆದು, ಜೇಡಿಯನ್ನು ಹರಿಯಬಿಟ್ಟು, ತಳದಲ್ಲಿ ಉಳಿದ ಕಣಗಳನ್ನು ಮರಳೆಂದು ಮಾರುವುದು. ನದಿ ಸಾವಿರಾರು ವರ್ಷಗಳಲ್ಲಿ ಮಾಡುವ ವಿಂಗಡಣೆಯನ್ನು ಒಂದು ರಾತ್ರಿಯಲ್ಲಿ ಮಾಡುವ ಈ ಕೆಲಸಕ್ಕೆ ತೆರುವ ಬೆಲೆ, ಇನ್ನೆಂದೂ ಬೆಳೆ ಕೊಡದ ಹೊಲ.

ಎಂ-ಸ್ಯಾಂಡ್ ಪರಿಹಾರವಲ್ಲವೇ ಎಂದು ಕೇಳಬಹುದು. ಒಂದು ಮಟ್ಟಿಗೆ ಹೌದು. ಕರ್ನಾಟಕ ಈ ದಾರಿಯಲ್ಲಿ ಮುಂದಿದೆ, ಅದು ಶ್ಲಾಘನೀಯ. ಆದರೆ ಎಂ-ಸ್ಯಾಂಡ್ ಆಕಾಶದಿಂದ ಬೀಳುವುದಿಲ್ಲ. ಅದು ಬೆಟ್ಟವನ್ನು ಸಿಡಿಸಿ ಪುಡಿ ಮಾಡಿದ್ದು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಯ ಕೆಲಸಕ್ಕೆ ತಂದಿದ್ದ ಸ್ಫೋಟಕಗಳು ಸಿಡಿದು ಕಾರ್ಮಿಕರು ಜೀವ ತೆತ್ತದ್ದು ನಮ್ಮ ನೆನಪಿನಿಂದ ಮಾಸಬಾರದು. ಹೊಳೆಯನ್ನು ಉಳಿಸಲು ಬೆಟ್ಟವನ್ನು ತೆರುವುದಾದರೆ ಆ ಲೆಕ್ಕವೂ ಪುಸ್ತಕದಲ್ಲಿರಬೇಕು: ಯಾವ ಬೆಟ್ಟ, ಎಷ್ಟು, ಎಲ್ಲಿಯವರೆಗೆ. ಕೆಡವಿದ ಕಟ್ಟಡಗಳ ಕಾಂಕ್ರೀಟನ್ನು ಪುಡಿ ಮಾಡಿ ಮತ್ತೆ ಬಳಸುವುದು ಈ ಎರಡಕ್ಕಿಂತಲೂ ಮೇಲು. ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟುವುದನ್ನೇ ಕಸುಬು ಮಾಡಿಕೊಂಡಿರುವ ಬೆಂಗಳೂರಿನಲ್ಲಿ ಇದರ ಕಚ್ಚಾವಸ್ತುವಿಗೆ ಕೊರತೆಯಿಲ್ಲ. ಅದು ಇಂದು ರಾತ್ರೋರಾತ್ರಿ ಕೆರೆಯ ದಂಡೆ ಸೇರುತ್ತಿದೆ.

ಒಡೆಯುವ ಘಟ್ಟದಲ್ಲೂ ನಾವು ಕೈಯಾಡಿಸುತ್ತಿದ್ದೇವೆ. ಪಶ್ಚಿಮ ಘಟ್ಟದಲ್ಲಿ ಕಲ್ಲಿನ ಮೇಲೆ ಹತ್ತಾರು ಅಡಿ ದಪ್ಪದ ಕೊಳೆತ ಶಿಲೆಯ ಮಣ್ಣು ಕುಳಿತಿದೆ. ಇಳಿಜಾರಿನ ಕೋನ, ಮರದ ಬೇರು ಮತ್ತು ಕಣಗಳ ನಡುವಿನ ಹಿಡಿತ, ಈ ಮೂರರ ಸಮತೋಲದಲ್ಲಿ ಅದು ನಿಂತಿರುತ್ತದೆ. ರಸ್ತೆಗೆಂದೋ ರೆಸಾರ್ಟಿಗೆಂದೋ ಬುಡವನ್ನು ಲಂಬವಾಗಿ ಕಡಿದು, ಮೇಲಿನ ನೀರಿಗೆ ದಾರಿ ಕೊಡದಿದ್ದರೆ ಮಳೆನೀರು ಇಂಗಿ ಮಣ್ಣಿನ ತೂಕ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು ಈ ಪಾಠವನ್ನು ಹೇಳಿದವು. ಶಿರೂರಿನಲ್ಲಿ ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ನದಿಯವರೆಗೆ ಹೋಯಿತು. ಭಾರಿ ಮಳೆಯೇ ಕಾರಣವೆಂದು ನಾವು ಪ್ರತಿ ಸಲ ಹೇಳುತ್ತೇವೆ. ಆದರೆ ಭಾರಿ ಮಳೆ ಘಟ್ಟಕ್ಕೆ ಹೊಸದಲ್ಲ; ಬುಡ ಕಡಿದ ಇಳಿಜಾರು ಹೊಸದು.

ಕಾನೂನಿಲ್ಲವೇ? ಇದೆ. ಸುಪ್ರೀಂ ಕೋರ್ಟು 2012ರ ಫೆಬ್ರುವರಿಯಲ್ಲೇ ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಕೇಂದ್ರ ಸರ್ಕಾರ 2016ರಲ್ಲಿ, ಮತ್ತೆ 2020ರಲ್ಲಿ ಮರಳುಗಾರಿಕೆಗೆ ಮಾರ್ಗಸೂಚಿ ಹೊರಡಿಸಿತು. ಮಳೆಗಾಲಕ್ಕೆ ಮುನ್ನ ಮತ್ತು ನಂತರ ನದಿಪಾತ್ರವನ್ನು ಅಳೆದು, ಎಷ್ಟು ಮರಳು ಮರುಭರ್ತಿಯಾಗಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಮಾತ್ರ ತೆಗೆಯಬೇಕೆಂಬುದು ಅವುಗಳ ಆಶಯ. ಮರುಭರ್ತಿಯ ಅಧ್ಯಯನವಿಲ್ಲದ ಜಿಲ್ಲಾ ಸಮೀಕ್ಷಾ ವರದಿಯನ್ನು ಆಧರಿಸಿ ಅನುಮತಿ ಕೊಡುವುದು ಸಲ್ಲದೆಂದು 2025ರ ಆಗಸ್ಟ್‌ನಲ್ಲಿ, ಜಮ್ಮು ಮತ್ತು ಕಾಶ್ಮೀರದಿಂದ ಬಂದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಹೊಳೆಯ ದಂಡೆಯ ಆ ರೈತರು ಕೇಳಿದ್ದ ಪ್ರಶ್ನೆಗೆ ಕಾನೂನಿನ ಬಲ ಸಿಗಲು ಇಷ್ಟು ಕಾಲ ಬೇಕಾಯಿತು.

ಇನ್ನು ಮಾಡಬೇಕಾದದ್ದು ದೊಡ್ಡ ಸಂಗತಿಯೇನಲ್ಲ. ಮೊದಲನೆಯದಾಗಿ, ಪ್ರತಿ ಮರಳು ಬ್ಲಾಕಿನ ಮಳೆಗಾಲದ ಹಿಂದಿನ ಮತ್ತು ನಂತರದ ಅಳತೆಯನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಪ್ರಕಟಿಸಬೇಕು. ಡ್ರೋನ್ ಇರುವ ಈ ಕಾಲದಲ್ಲಿ ಅಳತೆ ಕಷ್ಟವಲ್ಲ. ಅಳತೆ ಗುಟ್ಟಾಗಿ ಉಳಿಯುವುದೇ ತೊಂದರೆ. ಹೊಸ ಮರಳು ಬಾರದ ಕಡೆ ಹರಾಜೂ ಇರಬಾರದು. ಎರಡನೆಯದಾಗಿ, ಮರಳಿನಿಂದ ಬರುವ ಹಣವನ್ನು ಸಾಮಾನ್ಯ ಆದಾಯದಲ್ಲಿ ಬೆರೆಸದೆ ಪ್ರತ್ಯೇಕವಾಗಿ ತೋರಿಸಿ, ಅದರ ನಿಶ್ಚಿತ ಪಾಲನ್ನು ಅದೇ ನದಿಯ ಜಲಾನಯನದ ಮಣ್ಣು ಸಂರಕ್ಷಣೆಗೆ ಮೀಸಲಿಡಬೇಕು. ಆಸ್ತಿ ಮಾರಿದ ಹಣದಿಂದ ಆಸ್ತಿಯನ್ನೇ ಮಾಡಬೇಕೆಂಬುದು ನಮ್ಮ ಹಿರಿಯರ ಮನೆವಾರ್ತೆಯ ನಿಯಮವಾಗಿತ್ತು.

ಮೂರನೆಯದಾಗಿ, ಹೂಳನ್ನು ಅಣೆಕಟ್ಟಿನಲ್ಲಿ ಹಿಡಿಯುವ ಬದಲು ಮೇಲೆಯೇ ತಡೆಯಬೇಕು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎನ್ನುತ್ತೇವೆ. ಹಿಂದೆ ಬೇಸಿಗೆ ಬಂತೆಂದರೆ ರೈತರು ಗಾಡಿ ಕಟ್ಟಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಆಳ ಬರುತ್ತಿತ್ತು, ಹೊಲಕ್ಕೆ ಸತ್ವ ಬರುತ್ತಿತ್ತು, ಕೆಳಗಿನ ನದಿಗೆ ಹೂಳು ತಗ್ಗುತ್ತಿತ್ತು. ಮಳೆ ತಂದದ್ದನ್ನು ಮರಳಿ ಅದರ ಜಾಗಕ್ಕೆ ಒಯ್ಯುವ ಆ ಪದ್ಧತಿಗಿಂತ ಅಗ್ಗವಾದ ಹೂಳೆತ್ತುವ ಯೋಜನೆಯನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ಗ್ರಾಮೀಣ ಉದ್ಯೋಗದ ಯೋಜನೆಗಳಲ್ಲಿ ಇದಕ್ಕೇ ಮೊದಲ ಮಣೆ ಹಾಕಬೇಕು. ನಾಲ್ಕನೆಯದಾಗಿ, ಭೂವೈಜ್ಞಾನಿಕ ಸರ್ವೇಕ್ಷಣಾಲಯ ಸಿದ್ಧಪಡಿಸಿರುವ ಭೂಕುಸಿತ ಸಾಧ್ಯತೆಯ ನಕಾಶೆಗಳನ್ನು ಘಟ್ಟದ ಪ್ರತಿ ರಸ್ತೆ, ಪ್ರತಿ ಲೇಔಟಿನ ಅನುಮತಿಯ ಕಡತಕ್ಕೆ ಲಗತ್ತಿಸುವುದು ಕಡ್ಡಾಯವಾಗಬೇಕು. ನಕಾಶೆ ಕಪಾಟಿನಲ್ಲಿದ್ದರೆ ಗುಡ್ಡ ನಿಲ್ಲುವುದಿಲ್ಲ.

ಕೊನೆಯದಾಗಿ ನನ್ನಂಥ ನಿವೃತ್ತರಿಗೂ, ಈಗ ಸೇವೆಯಲ್ಲಿರುವ ಕಿರಿಯರಿಗೂ ಒಂದು ಮಾತು. ಕಡತದಲ್ಲಿ ಇಲ್ಲದ ಅಂಕಣವನ್ನು ನಾವೇ ಸೇರಿಸಲು ಅಡ್ಡಿಯೇನಿರಲಿಲ್ಲ. ‘ಈ ಬ್ಲಾಕಿಗೆ ವರ್ಷಕ್ಕೆ ಬರುವ ಮರಳಿನ ಪ್ರಮಾಣ ಎಷ್ಟು? ತಿಳಿಸಿ’ ಎಂದು ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿದ್ದರೆ ಆ ವರ್ಷದ ಹರಾಜು ಬಹುಶಃ ತಡವಾಗುತ್ತಿತ್ತು, ಮೇಲಿನವರಿಗೆ ಕಿರಿಕಿರಿಯಾಗುತ್ತಿತ್ತು, ಅಷ್ಟೇ. ನಾನು ಆ ಸಾಲು ಬರೆಯಲಿಲ್ಲ.

ಕೆಲವು ವರ್ಷಗಳ ಹಿಂದೆ ಅದೇ ಹೊಳೆಯ ದಂಡೆಗೆ ಮತ್ತೆ ಹೋಗಿದ್ದೆ. ಆ ರೈತರು ಈಗಿಲ್ಲ. ಅವರು ಕುಳಿತಿದ್ದ ಜಾಗದ ಎದುರಿಗೆ ಮರಳಿನ ಬದಲು ಬರಿಯ ಕಲ್ಲುಹಾಸು, ಅಲ್ಲಲ್ಲಿ ಪಾಚಿ ಕಟ್ಟಿದ ಮಡುಗಳು. ಅವರ ಮಗ ತಮ್ಮ ಬಾವಿಯನ್ನು ತೋರಿಸಿದರು. ಅದರಲ್ಲಿ ನೀರಿರಲಿಲ್ಲ. ‘ಬೋರು ಹಾಕಿಸೀವ್ರೀ, ಅದೂ ಹೋತು’ ಎಂದಷ್ಟೇ ಹೇಳಿ, ನನಗೆ ಚಹಾ ಕುಡಿಸಿ ಕಳಿಸಿದರು. ಅಂದು ಆ ಕಡತಕ್ಕೆ ಸಹಿ ಹಾಕಿದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ತಲಕಾಡು ಮರಳಾಗಲು, ಮಾಲಂಗಿ ಮಡುವಾಗಲು ಒಂದು ಶಾಪ ಬೇಕಾಯಿತಂತೆ. ನಮ್ಮ ಹೊಳೆಗಳನ್ನು ಮಡುವಾಗಿಸಲು ನಮ್ಮ ಸಹಿಗಳೇ ಸಾಕಾದವು.